ಜೀವ ಇಡುವ ಇಲಿ

ಹಳೆಯ ಮೌಸ್ ಕೈಕೊಟ್ಟಿದ್ದು ಒಬ್ಬ ಮದುಮಗಳ ಕಣ್ಣಿನ ಮೇಲೆ. ಒಂದು ಸಲ ಒತ್ತಿದರೆ ಅದು ಎರಡು ಸಲ ಒತ್ತಿದ ಹಾಗೆ ಮಾಡುತ್ತಿತ್ತು. ಫೋಟೋ ಸ್ಟುಡಿಯೋದವರು ಅದಕ್ಕೆ ಉಗ್ಗು ಬಂದಿದೆ ಎನ್ನುತ್ತಿದ್ದರು. ಮದುಮಗಳ ಬಲಗಣ್ಣಿನಲ್ಲಿ ಒಂದು ಬೆಳಕಿನ ಚುಕ್ಕೆ ಇಡಬೇಕಾದ ಕಡೆ ಎರಡು ಬಿದ್ದು, ಯಾರೂ ಗಮನಿಸದೆ, ದೊಡ್ಡ ಫ್ರೇಮ್ ಹಾಕಿ ಕಳಿಸಿಯೂ ಆಗಿಹೋಗಿತ್ತು. ಮದುಮಗಳ ತಾಯಿ ಫ್ರೇಮನ್ನು ಕಂಕುಳಲ್ಲಿ ಅವುಚಿಕೊಂಡು ವಾಪಸು ಬಂದಳು. "ನನ್ನ ಮಗಳೇನು ಬೆಕ್ಕಾ?" ಎಂದು ಕೇಳಿದಳು.

ಸ್ಟುಡಿಯೋದ ಯಜಮಾನ ವಯಸ್ಸಿನಲ್ಲಿ ಚಿಕ್ಕವನು, ಮಾತಿನಲ್ಲಿ ಮೆತ್ತಗಿನವನು. ಮೆತ್ತಗೆ ಮಾತಾಡುವವರು ಕುತ್ತಿಗೆ ಹಿಡಿದರೂ ಗೊತ್ತಾಗುವುದಿಲ್ಲ. "ಹೊಸ ಮೌಸ್ ತಗೊಂಡ್ಬನ್ನಿ ಅಕ್ಕಾ" ಎಂದ, ಆ ಫೋಟೋ ತಿದ್ದಿದವಳಿಗೆ. "ಹಾಗೇ ಒಂದು ಮಾತು. ಮೌಸ್ ಬಂದ್ಮೇಲೂ ಮುಖಗಳು ಹೀಗೇ ಸಪ್ಪೆಯಾಗಿದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗುತ್ತೆ. ಮೇಷ್ಟ್ರ ಮುಖ ನೋಡ್ಕೊಂಡು ಇಷ್ಟು ದಿನ ಸುಮ್ಮನಿದ್ದೆ."

ಮೇಷ್ಟ್ರು ಎಂದರೆ ಅವಳ ಗಂಡ. ಪಾಠ ಮಾಡುವ ಮೇಷ್ಟ್ರಲ್ಲ. ಫೋಟೋಗಳ ಮೊಡವೆ, ಕಲೆ, ಕಣ್ಣಿನ ಕೆಳಗಿನ ಕಪ್ಪು ಎಲ್ಲವನ್ನೂ ಕಂಪ್ಯೂಟರಿನಲ್ಲಿ ತಿದ್ದುವುದು ಅವನ ಕೆಲಸವಾಗಿತ್ತು. ಅದನ್ನು ಯಾರು ಬೇಕಾದರೂ ಕಲಿಯಬಹುದು, ಅವಳೂ ಅವನ ಪಕ್ಕ ಸ್ಟೂಲ್ ಹಾಕಿಕೊಂಡು ಕಲಿತಿದ್ದಳು. ಆದರೆ ಎಲ್ಲ ಮುಗಿದ ಮೇಲೆ ಕಣ್ಣಿನ ಪಾಪೆಯ ಅಂಚಿನಲ್ಲಿ ಅವನು ಒಂದು ಬಿಳಿ ಚುಕ್ಕೆ ಇಟ್ಟು, ಅದನ್ನು ಕೂದಲೆಳೆಯಷ್ಟು ಕೆಳಕ್ಕೆ ಎಳೆದು ಬಿಡುತ್ತಿದ್ದ. ಅಷ್ಟೇ. ಅಷ್ಟಕ್ಕೇ ಸತ್ತ ಮೀನಿನ ಹಾಗೆ ಬಿದ್ದುಕೊಂಡಿದ್ದ ಕಣ್ಣು ನೋಡುವವರನ್ನೇ ತಿರುಗಿ ನೋಡುತ್ತಿತ್ತು. ಸ್ಟುಡಿಯೋದಲ್ಲಿ ಅದಕ್ಕೆ 'ಜೀವ ಇಡೋದು' ಎಂದು ಹೆಸರು. "ಮೇಷ್ಟ್ರೇ, ಜೀವ ಇಟ್ಟಾಯ್ತಾ, ಪ್ರಿಂಟಿಗೆ ಕಳಿಸ್ಲಾ?" ಎಂದು ಕೇಳುವರು. "ಫೋಟೋಗೆ ಇಟ್ಟಾಯ್ತು, ಹೆಂಡತಿ ಮೇಲಂತೂ ಯಾವತ್ತೋ ಇಟ್ಟಾಗಿದೆ" ಎಂದು ಅವನು ಎಲ್ಲರೆದುರೇ ಹೇಳಿ ಅವಳ ಮಾನ ಕಳೆಯುವನು.

ಆ ಕೈಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ಕಾಲು ಎಳೆಯುತ್ತಾ ನಡೆಯುವಷ್ಟು ಉಳಿಯಿತು, ಬಲಗೈ ಮಾತ್ರ ಯಾರದ್ದೋ ಸಾಮಾನು ಮರೆತುಹೋದ ಹಾಗೆ ಅವನ ಮಡಿಲಲ್ಲಿ ಬಿದ್ದುಕೊಂಡಿತು. ವ್ಯಾಯಾಮ ಮಾಡಿಸಲು ಫಿಸಿಯೋ ಮೇಡಂ ಬರತೊಡಗಿದ ಮೇಲೆ ಆ ಕೈ ಮೆಲ್ಲಗೆ ಕಣ್ಣು ಬಿಡುತ್ತಿತ್ತು. ಲೋಟ ಹಿಡಿಯುತ್ತಿತ್ತು. ಚಮಚವನ್ನು ಬಾಯಿಯ ಹತ್ತಿರದವರೆಗೆ ತರುತ್ತಿತ್ತು, ಕೊನೆಯ ಗೇಣು ಅವಳು ದಾಟಿಸುತ್ತಿದ್ದಳು. ಆ ಕೈ ಪೂರ್ತಿ ಬರಬೇಕು, ಅವನು ಮತ್ತೆ ತನ್ನ ಕುರ್ಚಿಯಲ್ಲಿ ಕೂರಬೇಕು. ಅವಳಿಗೆ ಬೇರೆ ಯಾವ ಆಸೆಯೂ ಇರಲಿಲ್ಲ. ಅಲ್ಲಿಯವರೆಗೆ ಕುರ್ಚಿ ಕೈತಪ್ಪದ ಹಾಗೆ ನೋಡಿಕೊಳ್ಳುವುದು ಅವಳ ಪಾಲಿಗೆ ಬಂದಿತ್ತು.

ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಯವನು ಸಾಮಾನಿನ ನಡುವೆ ತಾನೂ ಒಂದು ಸಾಮಾನಾಗಿ ಕೂತಿದ್ದ. ಸುತ್ತಲೂ ಕೇಬಲ್ಲುಗಳು ನೇತಾಡುತ್ತಿದ್ದುದರಿಂದ ಬೀದಿಯವರು ಅವನನ್ನು ತಂತಿ ಮಾವ ಎನ್ನುತ್ತಿದ್ದರು. ಅವಳು ತನ್ನ ಕಷ್ಟ ಹೇಳಿಕೊಂಡಳು. ತಂತಿ ಇಲ್ಲದ ಮೌಸನ್ನು ಅವನು ಮುಂದಿಟ್ಟ.

"ಅದು ಬೇಡ ಮಾವ. ಅರ್ಧ ಮೂಗು ತಿದ್ದುವಾಗ ಬ್ಯಾಟರಿ ಮುಗಿಯುತ್ತೆ."

"ಹಾಗಾದ್ರೆ ಬಾಲ ಇರೋ ಇಲೀನೇ ಸರಿ. ಬಾಲ ಹಿಡಿದಿದ್ರೆ ಎಲ್ಲಿಗೆ ಓಡುತ್ತೆ?" ಅವನು ಕಪಾಟಿನಿಂದ ಕಂಪ್ಯೂಟರ್ ಆಟ ಆಡುವವರ ಮೌಸುಗಳನ್ನು ಇಳಿಸಿದ. ಒಂದು ತೀರಾ ಹಗುರ, ಮುಟ್ಟಿದರೆ ಜಾರುತ್ತಿತ್ತು. ಇನ್ನೊಂದು ಜಾತ್ರೆಯ ಅಂಗಡಿಯ ಹಾಗೆ ಬಣ್ಣಬಣ್ಣದ ದೀಪ ಉಗುಳುತ್ತಿತ್ತು. ಮತ್ತೊಂದರ ಗುಂಡಿ ಒತ್ತಿದರೆ ಇಡೀ ಅಂಗಡಿಗೆ ಕೇಳುವಷ್ಟು ಸದ್ದು. ಕೊನೆಗೆ ಕಪ್ಪಗಿನದೊಂದನ್ನು ಅವಳು ಅಂಗೈಯಲ್ಲಿ ಇಟ್ಟುಕೊಂಡಳು. ಹೆಣೆದ ನೂಲಿನ ಹೊದಿಕೆಯ ಬಾಲ, ಹೊಟ್ಟೆಯಲ್ಲಿ ಬೇಕಾದಷ್ಟು ತೂಕ ಸೇರಿಸುವ ಚಿಕ್ಕ ಗೂಡು, ಹೆಬ್ಬೆರಳಿನ ಬಳಿ ಎರಡು ಗುಂಡಿ. ಪರದೆಯ ಮೇಲಿನ ಬಾಣದ ಗುರುತು ಎಷ್ಟು ವೇಗವಾಗಿ ಓಡಬೇಕು ಎಂಬುದನ್ನು ಬೆರಳ ತುದಿಯಲ್ಲೇ ಬದಲಾಯಿಸಬಹುದಿತ್ತು. ಆಟದವರಿಗೆ ಗುರಿ ಹೊಡೆಯಲು ಎಷ್ಟು ನಿಖರತೆ ಬೇಕೋ ಕಣ್ಣಿನ ಪಾಪೆಗೂ ಅಷ್ಟೇ ಬೇಕು.

"ನಿಮ್ಮ ಕೈಗೆ ದೊಡ್ಡದಾಯ್ತಲ್ಲಮ್ಮ" ಎಂದ ತಂತಿ ಮಾವ.

"ನಮ್ಮನೆಯವರ ಕೈಗೆ ಸರಿಹೋಗುತ್ತೆ. ನಾಳೆ ಅವರೇ ತಾನೇ ಬಳಸೋದು?" ಎಂದಳು ಅವಳು. ಅಂಗಡಿಯಲ್ಲಿ ನಿಂತು ಅವಳು ಅಳೆದದ್ದು ತನ್ನ ಅಂಗೈಯನ್ನಲ್ಲ.

ಹೆಬ್ಬೆರಳಿನ ಗುಂಡಿಗಳನ್ನು ತೋರಿಸಿ ಅವನು ವಿವರಿಸಿದ. ಮುಂದಿನದನ್ನು ಒತ್ತಿ ಹಿಡಿದರೆ ಕೆಂಪು ದೀಪ, ಆಗ ಕೈ ಮಾಡಿದ್ದನ್ನೆಲ್ಲ ಇಲಿ ಕಲಿಯುತ್ತದೆ. ಹಿಂದಿನದನ್ನು ಒತ್ತಿದರೆ ನೀಲಿ ದೀಪ, ಆಗ ಕಲಿತದ್ದನ್ನು ತಾನೇ ಮಾಡುತ್ತದೆ. "ನೆನಪು ಕಂಪ್ಯೂಟರಲ್ಲಿ ಇರಲ್ಲ, ಇದರ ಹೊಟ್ಟೇಲೇ ಇರುತ್ತೆ. ಎಲ್ಲಿಗೆ ತಗೊಂಡು ಹೋದ್ರೂ ಜೊತೇಲೇ ಬರುತ್ತೆ."

ಅವಳ ತಲೆಯಲ್ಲಿ ಆ ಯೋಚನೆ ಹುಟ್ಟಿದ್ದು ಮನೆಯ ಮೆಟ್ಟಿಲು ಹತ್ತುವಾಗ. ಭಾನುವಾರ ಮಧ್ಯಾಹ್ನ ಮನೆಯ ಹಳೆಯ ಕಂಪ್ಯೂಟರಿಗೆ ಇಲಿಯನ್ನು ಚುಚ್ಚಿ, ಗಂಡನ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದಳು. ಪರದೆಯ ಮೇಲೆ ಯಾರದೋ ಪಾಸ್‌ಪೋರ್ಟ್ ಮುಖ, ಪೆಚ್ಚು ಕಣ್ಣು.

"ರೀ, ನಿಮ್ಮ ಕೈ ಕೊಡಿ."

"ಮದುವೆ ದಿನವೇ ಕೊಟ್ಟಾಯ್ತಲ್ಲೇ. ಇನ್ನೊಂದ್ಸಲ ಬೇಕಾ?"

"ತಮಾಷೆ ಸಾಕು. ಜೀವ ಇಡೋದನ್ನ ಒಂದೇ ಒಂದು ಸಲ ಮಾಡಿ. ಇದು ಕಲಿತುಕೊಳ್ಳುತ್ತಂತೆ. ಆಮೇಲೆ ಆ ಕೆಲಸ ನಿಮ್ಮ ಕೈದೇ, ಒತ್ತೋದು ಮಾತ್ರ ನಾನು."

ಅವನಿಗೆ ಎಲ್ಲಿಲ್ಲದ ಖುಷಿ. ಅವಳು ಅವನ ಬಲಗೈಯನ್ನು ಎತ್ತಿ ಇಲಿಯ ಮೇಲೆ ಇಟ್ಟಳು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಕೆಂಪು ದೀಪ ಹತ್ತಿತು. ಕೈ ನಡುಗಿತು, ತಡವರಿಸಿತು, ಆಮೇಲೆ ಏನೋ ಜ್ಞಾಪಕಕ್ಕೆ ಬಂದ ಹಾಗೆ ಸ್ಥಿರವಾಯಿತು. ಒಂದು ಚುಕ್ಕೆ, ಕೂದಲೆಳೆಯಷ್ಟು ಎಳೆತ. ಪಾಸ್‌ಪೋರ್ಟಿನ ಮನುಷ್ಯ ಪರದೆಯಿಂದ ಅವರಿಬ್ಬರನ್ನೂ ನೋಡಿದ.

"ಕೊಟ್ಟೆ, ತಗೋ" ಎಂದ ಗಂಡ. ದೀಪ ಆರಿತು.

ಸ್ಟುಡಿಯೋದಲ್ಲಿ ಮೊದಲ ಸಲ ನೀಲಿ ಗುಂಡಿ ಒತ್ತಿದಾಗ ಪರದೆಯ ಮೇಲಿನ ಬಾಣ ಮಾತ್ರ ಓಡುತ್ತದೆ ಎಂದು ಅವಳು ಎಣಿಸಿದ್ದಳು. ಓಡಿದ್ದು ಇಲಿ. ಅವಳ ಅಂಗೈಯನ್ನು ಹೊತ್ತುಕೊಂಡು ಅದು ಮೇಜಿನ ಮೇಲೆ ಸರಿಯಿತು, ನಡುಗಿತು, ತಡವರಿಸಿತು, ಸ್ಥಿರವಾಯಿತು. ಅವಳು ಕೈ ಎಳೆದುಕೊಳ್ಳಹೊರಟಳು. ಆದರೆ ಪರದೆಯ ಮೇಲೆ ಒಬ್ಬ ಮುದುಕಿಯ ಕಣ್ಣು ತೆರೆದುಕೊಂಡಿತ್ತು. ಎಷ್ಟು ಚೆನ್ನಾಗಿ ಎಂದರೆ, ಹಿಂದಿನಿಂದ ಬಂದ ಯಜಮಾನ ಪರದೆಯ ಹತ್ತಿರಕ್ಕೇ ಬಗ್ಗಿ ನೋಡಿದ.

"ಮೇಷ್ಟ್ರೇ ಬಂದು ಕೂತ ಹಾಗಿದೆ ಅಕ್ಕಾ. ಏನಂದ್ರೂ ಕೈಗುಣ ಮನೆಯೊಳಗೇ ಉಳೀತು."

ಹೊಗಳಿಕೆಗೆ ಸೋಲದವರು ಯಾರಿದ್ದಾರೆ? ಅವಳೂ ಸೋತಳು. ಇಲಿಯ ಜೊತೆ ಸಂಸಾರ ಶುರುವಾಯಿತು. ದೊಡ್ಡದೆಂಬ ದೂರು ಹೋಯಿತು, ಅವಳ ಬೆರಳುಗಳೇ ಅಗಲವಾಗಿ ಹರಡಿಕೊಳ್ಳಲು ಕಲಿತವು. ಬೇರೆಯವರು ಮುಟ್ಟಿ ಹಾಳುಮಾಡಬಾರದೆಂದು ಸಂಜೆ ಬಾಲ ಸುತ್ತಿ ಚೀಲದಲ್ಲಿ ಮನೆಗೆ ತರುತ್ತಿದ್ದಳು. ಬೆಳಿಗ್ಗೆ ಕಂಪ್ಯೂಟರಿಗೆ ಚುಚ್ಚುವ ಮೊದಲೇ ಅದು ಬೆಚ್ಚಗಿರುತ್ತಿತ್ತು, ಆಗಷ್ಟೇ ಯಾರೋ ಎದ್ದು ಹೋದ ಕುರ್ಚಿಯ ಹಾಗೆ. ಚೀಲದೊಳಗೆ ಬಿಸಿಲು ಬಿದ್ದಿರಬೇಕು ಎಂದುಕೊಳ್ಳುತ್ತಿದ್ದಳು. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಒಳಗಿನಿಂದ ಏನೋ ಒಮ್ಮೊಮ್ಮೆ ಸಣ್ಣಗೆ ಕದಲುತ್ತಿತ್ತು. ಬಸ್ಸಿನ ಕುಲುಕಾಟಕ್ಕೆ ಕದಲದ ವಸ್ತು ಯಾವುದಿದೆ ಎಂದೂ ಅಂದುಕೊಂಡಳು. ಬೇಕಾದ ಕಡೆ ಸಮಾಧಾನ ಹೇಳಿಕೊಳ್ಳಲು ಮನುಷ್ಯರಿಗೆ ಯಾರೂ ಕಲಿಸಬೇಕಾಗಿಲ್ಲ.

ಆ ವಾರ ಫಿಸಿಯೋ ಮೇಡಂ ಅವನ ಕೈಗೆ ಲೋಟ ಕೊಟ್ಟರು. ಲೋಟ ನೆಲಕ್ಕೆ ಬಿತ್ತು.

"ಹೋದ ವಾರ ಹಿಡಿದಿದ್ರಲ್ಲ? ಏನಾಯ್ತು?"

"ಹಿಡಿಯೋದು ಹೇಗೆ ಅಂತ ಕೈಗೇ ಮರೆತುಹೋದ ಹಾಗಿದೆ ಮೇಡಂ" ಎಂದ ಅವನು, ಬೇರೆಯವರ ಮಕ್ಕಳ ತಪ್ಪಿಗೆ ಕ್ಷಮೆ ಕೇಳುವವನಂತೆ ನಗುತ್ತಾ.

ಒಮ್ಮೊಮ್ಮೆ ಹೀಗಾಗುತ್ತೆ, ಹೆದರಬೇಡಿ ಎಂದು ಮೇಡಂ ಹೋದರು. ಅಷ್ಟರಲ್ಲಿ ಯಜಮಾನನಿಗೆ ತುಟಿಯಂಚಿನ ನಗುವೂ ಬೇಕಾಯಿತು. ಮೇಷ್ಟ್ರು ತುಟಿಯ ಕೊನೆಯಲ್ಲಿ ಒಂದು ನೆರಳು ತೀಡಿ ನಗು ಬರಿಸುತ್ತಿದ್ದರಲ್ಲ, ಅದು. ಮುಂದಿನ ಭಾನುವಾರ ಅದೂ ಕೆಂಪು ದೀಪದಲ್ಲಿ ಇಲಿಗೆ ಹೋಯಿತು. ಸೋಮವಾರ ಅವನಿಗೆ ಚಮಚ ಎತ್ತಲಾಗಲಿಲ್ಲ. ಆಮೇಲೆ ಹಣೆಯ ಗೆರೆ ಸಡಿಲಿಸುವ ಎಳೆತ ಹೋಯಿತು, ಅದರ ಹಿಂದೆ ಬೆರಳು ಮಡಚುವುದೂ ಹೋಯಿತು. ಸ್ವೆಟರಿನ ಒಂದು ಎಳೆ ಎಳೆದರೆ ತೋಳೆಲ್ಲ ಬಿಚ್ಚಿಕೊಳ್ಳುತ್ತದಲ್ಲ, ಹಾಗೆ. ತನಗೆ ಗೊತ್ತೇ ಆಗಲಿಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಶುದ್ಧ ಸುಳ್ಳು. ಚಮಚದ ದಿನವೇ ಅವಳು ಭಾನುವಾರಗಳನ್ನು ಎಣಿಸಿ ನೋಡಿದ್ದಳು. ಆದರೆ ಸ್ಟುಡಿಯೋದಲ್ಲಿ ಜನ ಅವಳ ಹೆಸರು ಹಿಡಿದು ಕೇಳಿಕೊಂಡು ಬರುತ್ತಿದ್ದರು. ಕುರ್ಚಿ ಉಳಿಯಬೇಕಿತ್ತು. ಯಾರಿಗಾಗಿ ಉಳಿಸುತ್ತಿದ್ದೇನೆ ಎಂದು ಕೇಳಿಕೊಳ್ಳಲು ಅವಳು ಪುರುಸೊತ್ತು ಮಾಡಿಕೊಳ್ಳಲಿಲ್ಲ.

ಒಂದು ಸಂಜೆ ಅವಳು ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅವನು ಕೇಳಿದ, "ಇವತ್ತು ಮಧ್ಯಾಹ್ನ ಒಂದು ಮಗು ಬಂದಿತ್ತಾ? ಎಡಗಣ್ಣು ಬಲಗಣ್ಣಿಗಿಂತ ಒಂಚೂರು ಸಣ್ಣದು?"

ಬಂದಿತ್ತು. ಅವಳು ಆ ಮಗುವಿನ ವಿಷಯ ಯಾರಿಗೂ ಹೇಳಿರಲಿಲ್ಲ.

"ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ ಕಣೇ. ನೀನು ಗುಂಡಿ ಒತ್ತಿದಾಗ ನನಗೆ ಇಲ್ಲಿ ಗೊತ್ತಾಗುತ್ತೆ. ಕೈ ಇಲ್ಲೇ ಬಿದ್ದಿರುತ್ತೆ, ಆದ್ರೆ ಅಲ್ಲಿ ಕೆಲಸ ಮಾಡ್ತಿರುತ್ತೆ. ಆ ಮಗೂಗೆ ಚುಕ್ಕೆ ಇನ್ನೊಂಚೂರು ಮೇಲಿಡಬೇಕಿತ್ತು." ಅವನ ಮುಖದಲ್ಲಿ ದೂರು ಇರಲಿಲ್ಲ, ಹೊಳಪಿತ್ತು. ಅದನ್ನು ನೋಡಿಯೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು. "ನಾನು ದಿನಾ ಕೆಲಸಕ್ಕೆ ಹೋಗ್ತಿದ್ದೀನಿ ಅನ್ನಿಸುತ್ತೆ. ಇಲ್ಲಿ ಕೂತು ಗೋಡೆ ನೋಡೋದಕ್ಕಿಂತ ಅಲ್ಲಿರೋದೇ ಎಷ್ಟೋ ಮೇಲು. ಉಳಿದಿದ್ದನ್ನೂ ತಗೊಂಡುಬಿಡು. ಎಡಗೈ ಇದೆಯಲ್ಲ, ಅದನ್ನೂ ಇಡ್ತೀನಿ. ಆಮೇಲೆ ತಲೆ ಇಡಬಹುದಾ ನೋಡೋಣ."

"ಥೂ, ಬಿಡ್ತು ಅನ್ನಿ!" ಎಂದು ಕಿರುಚಿದಳು. ಇಲಿ ಇದ್ದ ಚೀಲ ಅವಳ ಹೆಗಲಲ್ಲೇ ಇತ್ತು. ಅದರ ಮೂಲೆ ಅವನ ಕಡೆಗೆ ಒಮ್ಮೆ ಮೆಲ್ಲಗೆ ಉಬ್ಬಿ ಇಳಿಯಿತು.

ಮರುದಿನ ಸ್ಟುಡಿಯೋಗೆ ಹೋಗದೆ ನೇರ ತಂತಿ ಮಾವನ ಅಂಗಡಿಗೆ ಹೋದಳು. ಇರುವುದನ್ನು ಇರುವ ಹಾಗೆ ಹೇಳಿದರೆ ಹುಚ್ಚು ಎನ್ನುತ್ತಾರೆಂದು, ಕಲಿಸಿದ್ದನ್ನು ವಾಪಸು ತೆಗೆಯುವುದು ಹೇಗೆ ಎಂದಷ್ಟೇ ಕೇಳಿದಳು.

"ವಾಪಸು ಎಲ್ಲಿಗಮ್ಮ? ಅಳಿಸಿದ್ರೆ ಅಳಿಸಿಹೋಗುತ್ತೆ, ಅಷ್ಟೇ. ಇದಕ್ಕೆ ಗೊತ್ತಿರೋದು ಎರಡೇ. ಕೆಂಪಿದ್ದಾಗ ಮೇಲಿರೋ ಕೈಯಿಂದ ತಗೊಳ್ಳುತ್ತೆ, ನೀಲಿ ಇದ್ದಾಗ ಮೇಲಿರೋ ಕೈಗೆ ಕೊಡುತ್ತೆ."

ಅವನು ಹೇಳಿದ್ದು ಬಾಣದ ಗುರುತಿನ ವಿಷಯ. ಅವಳಿಗೆ ಬೇಕಾದದ್ದು ಅದರಲ್ಲೇ ಸಿಕ್ಕಿತು. ಮನೆಗೆ ಓಡಿ ಬಂದಳು. ಮನೆಯೊಳಗೆ ಹಗಲಿನ ಬೆಳಕು ಹರಡಿತ್ತು, ಪಕ್ಕದ ಮನೆಯ ಕುಕ್ಕರ್ ಕೂಗುತ್ತಿತ್ತು. ಅವಳು ಇಲಿಯನ್ನು ಚುಚ್ಚಿ, ಗಂಡನ ಬಲಗೈಯನ್ನು ಎತ್ತಿ ಅದರ ಮೇಲಿಟ್ಟು ನೀಲಿ ಗುಂಡಿ ಒತ್ತಿದಳು.

ಕೈ ಎದ್ದಿತು. ಬೆರಳುಗಳು ನೆಟ್ಟಗಾದವು. ಕೈ ಇಲಿಯನ್ನು ಬಿಟ್ಟು ಗಾಳಿಯಲ್ಲಿ ಮೇಲೇರಿತು, ತೋರುಬೆರಳು ಚಾಚಿಕೊಂಡು ಅವಳ ಮುಖದ ಕಡೆಗೆ ಬಂತು, ಅವಳ ಬಲಗಣ್ಣಿನ ಪಾಪೆಯ ಅಂಚಿಗೆ ಗುರಿ ಇಟ್ಟಿತು. ಅವಳು ತಲೆ ಹಿಂದಕ್ಕೆಳೆದುಕೊಂಡಳು. ಬೆರಳು ಗಾಳಿಯಲ್ಲೇ ಒಂದು ಚುಕ್ಕೆ ಇಟ್ಟು, ಕೂದಲೆಳೆಯಷ್ಟು ಕೆಳಕ್ಕೆ ಎಳೆಯಿತು. ಆಮೇಲೆ ಎಡಗಣ್ಣು. ಆಮೇಲೆ ತುಟಿಯಂಚು, ಹಣೆ. ಕಲಿಸಿದ್ದೆಲ್ಲ ಮುಗಿದದ್ದೇ ಕೈ ದೊಪ್ಪನೆ ಮಡಿಲಿಗೆ ಬಿತ್ತು.

"ಚಮಚ ಹಿಡೀರಿ, ನೋಡೋಣ" ಎಂದು ಅವಳು ಮತ್ತೆ ನೀಲಿ ಒತ್ತಿ, ಅವನ ಬೆರಳುಗಳ ನಡುವೆ ಚಮಚ ತುರುಕಿದಳು. ಕೈ ಚಮಚವನ್ನು ಬೀಳಿಸಿ ಮತ್ತೆ ಅವಳ ಕಣ್ಣನ್ನೇ ಹುಡುಕಿಕೊಂಡು ಬಂತು. ಅದಕ್ಕೆ ಬೇರೆ ಏನೂ ಬರುತ್ತಿರಲಿಲ್ಲ. ಸ್ವೆಟರಿನ ತೋಳಿನ ಹಾಗೆ ಬಿಚ್ಚಿಹೋದದ್ದೆಲ್ಲ ಎಲ್ಲಿ ಹೋಗಿತ್ತೋ, ಇಲಿಯ ಹೊಟ್ಟೆಯಲ್ಲಂತೂ ಇರಲಿಲ್ಲ.

"ಸಾಕು ಬಿಡೇ" ಎಂದ ಅವನು ಸಣ್ಣ ದನಿಯಲ್ಲಿ. ಈಗ ಅವನಿಗೂ ಹೆದರಿಕೆಯಾಗಿತ್ತು. "ಇದು ನನ್ನ ಮಾತು ಕೇಳ್ತಾ ಇಲ್ಲ."

ಅವನನ್ನು ಕೋಣೆಗೆ ಕರೆದುಕೊಂಡು ಹೋಗಿ ಮಲಗಿಸಿದಳು. ಹೊರಗೆ ಬಂದು ಕುರ್ಚಿಯಲ್ಲಿ ಕೂತಳು. ಅಳು ಬಂತು, ಅತ್ತಳು. ತಾನೇ ಕೇಳಿ ತೆಗೆದುಕೊಂಡದ್ದು, ಹೊಗಳಿಕೆಗೆ ಬಾಯಿ ಬಿಟ್ಟು ಮತ್ತೆ ಮತ್ತೆ ತೆಗೆದುಕೊಂಡದ್ದು. ಕೈ ಹಿಡಿದವನ ಕೈಯನ್ನೇ ತಿಂದೆನಲ್ಲ ಎಂದು ತನ್ನನ್ನು ತಾನೇ ಬೈದುಕೊಂಡಳು. ಇನ್ನು ಉಳಿದ ದಾರಿ ಒಂದೇ. ಒಂದು ಕೈ ಬೇಕಾದರೆ ಒಂದು ಕೈ ಕೊಡಬೇಕು. ಎಲ್ಲ ಬಲ್ಲ, ಇಡೀ ಸಂಸಾರ ನಡೆಸುವ ಕೈ ಆ ಮನೆಯಲ್ಲಿ ಒಂದೇ ಒಂದಿತ್ತು.

ತನ್ನ ಬಲಗೈಯನ್ನು ಇಲಿಯ ಮೇಲಿಟ್ಟು ಕೆಂಪು ದೀಪದ ಗುಂಡಿಯನ್ನು ಒತ್ತಿ ಹಿಡಿದಳು. ಇಲಿಯ ಬೆನ್ನಿನ ಮೇಲೆ ಅವಳ ಬೆರಳುಗಳು ಹಾಲು ಕಾಯಿಸಿದವು, ಗುಂಡಿ ಹಾಕಿದವು, ಬೀಗ ತೆಗೆದವು, ತುತ್ತು ಕಲಸಿದವು, ಜಡೆ ಹೆಣೆದವು, ಸೂಜಿಗೆ ದಾರ ಪೋಣಿಸಿದವು. ಇಲಿ ಬಿಸಿಯಾಗುತ್ತಾ ಬಂತು. ಬೆರಳ ತುದಿಗಳು ಜುಮುಜುಮು ಎಂದು ಆಮೇಲೆ ಸುಮ್ಮನಾದವು, ಆ ಮೌನ ಮಣಿಕಟ್ಟಿಗೆ ಏರಿತು. ಒಂದು ಕ್ಷಣ ಅವಳಿಗೆ ಪ್ರಾಣ ಹಾರಿಹೋದಷ್ಟು ಭಯವಾಯಿತು. ಎಡಗೈಯಿಂದ ಬಾಲವನ್ನು ಹಿಡಿದು ಕಂಪ್ಯೂಟರಿನಿಂದ ಕಿತ್ತುಬಿಟ್ಟಳು. ಬಾಲ ಅವಳ ಕೈಯಲ್ಲಿ ನೇತಾಡುತ್ತಿತ್ತು. ಕೆಂಪು ದೀಪ ಉರಿಯುತ್ತಲೇ ಇತ್ತು. ಮೊಣಕೈ ದಾಟಿದ ಮೇಲೆ ಅದು ತಾನಾಗಿ ಆರಿತು.

ಸಂಜೆ ಅವನು ಎದ್ದು ಬಂದಾಗ ಅವಳು ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. "ಇನ್ನೊಂದೇ ಒಂದು ಸಲ ಇಡಿ" ಎಂದಳು. ಅವನು ಬೇಡವೆಂದ, ಅವಳು ಬಿಡಲಿಲ್ಲ. ನೀಲಿ ದೀಪ ಹತ್ತಿತು, ಬಹಳ ಹೊತ್ತು ಉರಿಯಿತು, ಆರಿತು.

ಅವನು ಕೈಯನ್ನು ನೋಡಿದ. ಮುಷ್ಟಿ ಕಟ್ಟಿದ, ಬಿಚ್ಚಿದ. ಮೇಜಿನ ಮೇಲಿದ್ದ ನೀರಿನ ಲೋಟವನ್ನು ಎತ್ತಿ ಒಂದು ಹನಿಯೂ ಚೆಲ್ಲದೆ ಕುಡಿದ.

"ಬಂತು ಕಣೇ!" ಎಂದು ಕೂಗಿದ ಅವನು. "ನೋಡೇ, ಬಂತು! ನಾಳೆಯೇ ಸ್ಟುಡಿಯೋಗೆ ಬರ್ತೀನಿ ಅಂತ ಹೇಳಿಬಿಡು."

ಸಂತೋಷದಲ್ಲಿ ಅವನು ಗಮನಿಸಲಿಲ್ಲ. ಲೋಟವನ್ನು ಕೆಳಗಿಟ್ಟ ಆ ಕೈ ಅವನ ಬೋಳು ತಲೆಯ ಪಕ್ಕಕ್ಕೆ ಹೋಗಿ, ಇಲ್ಲದ ಮುಂಗುರುಳನ್ನು ಕಿವಿಯ ಹಿಂದಕ್ಕೆ ಸೇರಿಸಿತು. ಅಂಗಿಯ ಭುಜವನ್ನು ಸರಿಮಾಡಿತು, ಜಾರಿದ ಸೆರಗನ್ನು ಎಳೆದುಕೊಳ್ಳುವ ಹಾಗೆ.

ಅವಳಿಗೆ ನಗುವೂ ಬಂತು, ನಗುವಿನ ಹಿಂದೆಯೇ ಕಣ್ಣೀರೂ ಬಂತು. ಒರೆಸಿಕೊಳ್ಳಲು ಸೆರಗಿನೊಳಗಿನ ಕೈಗೆ ಹೇಳಿದಳು. ಅದು ಕೇಳಲಿಲ್ಲ.

"ಅಳ್ತೀಯಾ ಯಾಕೆ, ಹುಚ್ಚಿ?" ಎಂದು ಅವನು ಬಗ್ಗಿ ಅವಳ ಕೆನ್ನೆ ಒರೆಸಿದ. ಎಲ್ಲರಂತೆ ಬೆರಳಿನಿಂದಲ್ಲ, ಮಣಿಕಟ್ಟಿನ ಹಿಂಬದಿಯಿಂದ, ಗಲ್ಲದಿಂದ ಮೇಲಕ್ಕೆ, ಕೊನೆಯಲ್ಲಿ ಮೂಗಿನ ತುದಿಗೂ ಒಮ್ಮೆ ಒತ್ತಿ. ಮದುವೆಯಾದಾಗಿನಿಂದ ಅವನು ಯಾವತ್ತೂ ಹಾಗೆ ಒರೆಸಿರಲಿಲ್ಲ. ಚಿಕ್ಕಂದಿನಿಂದ ಅವಳು ಒಬ್ಬಳೇ ಇದ್ದಾಗ ಅತ್ತು ಒರೆಸಿಕೊಳ್ಳುತ್ತಿದ್ದದ್ದು ಹಾಗೆ. ಗಂಡ ತಾನು ಅವಳನ್ನು ಸಮಾಧಾನ ಮಾಡುತ್ತಿದ್ದೇನೆ ಎಂದುಕೊಂಡಿದ್ದ. ಅವಳು ಕಣ್ಣು ಮುಚ್ಚಿಕೊಂಡಳು. ಅವಳನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ.